ಎಣ್ಣೆ ಡಬ್ಬದ ಎರಡನೇ ತೂತು

ಸ್ಟಾರ್ಟೇ ಆಗದ ಎಂಜಿನ್ ಬೇರೆ, ಸ್ಟಾರ್ಟ್ ಆಗಿ ಸ್ವಲ್ಪ ಹೊತ್ತಿಗೆ ನಿಂತುಬಿಡುವ ಎಂಜಿನ್ ಬೇರೆ. ಮೊದಲನೆಯದು ಬಾಯಿಬಿಡದ ರೋಗಿಯ ಹಾಗೆ. ಎರಡನೆಯದು ತನ್ನ ಕಷ್ಟ ತಾನೇ ಹೇಳಿಕೊಳ್ಳುತ್ತದೆ. ಎಷ್ಟು ಹೊತ್ತು ಓಡಿತು, ಹೇಗೆ ನಿಂತಿತು, ಮತ್ತೆ ಯಾವಾಗ ಸ್ಟಾರ್ಟ್ ಆಯಿತು ಎಂಬುದನ್ನು ಗಮನವಿಟ್ಟು ನೋಡಿದರೆ ಅರ್ಧ ರಿಪೇರಿ ಆದಂತೆಯೇ.

ನಾನು ಮೆಕ್ಯಾನಿಕ್ ಅಲ್ಲ, ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು. ಕಂಪ್ಯೂಟರ್ ಬರುವ ಮೊದಲು ಸಂಜೆ ಲೆಕ್ಕ ತಾಳೆಯಾಗದಿದ್ದರೆ, ಪುಟ ತಿರುವುವ ಮುಂಚೆ ವ್ಯತ್ಯಾಸದ ಮೊತ್ತವನ್ನೇ ನೋಡುತ್ತಿದ್ದೆವು. ಅದು 9ರಿಂದ ಭಾಗವಾದರೆ ಯಾರೋ ಅಂಕಿಗಳನ್ನು ಹಿಂದುಮುಂದಾಗಿ ಬರೆದಿರಬಹುದು ಎಂಬ ಗುಮಾನಿ. 54ರ ಬದಲು 45, 82ರ ಬದಲು 28. ಕಳೆದು ನೋಡಿ ಮಕ್ಕಳೇ, ಎರಡರಲ್ಲೂ 9ರ ಮಗ್ಗಿಯೇ ಸಿಗುತ್ತದೆ. ಹೀಗೆ ತಪ್ಪಿನಲ್ಲೇ ಸುಳಿವು ಇರುತ್ತಿತ್ತು.

ಕಳೆದ ದಸರಾ ರಜೆಯಲ್ಲಿ ಈ ಅಭ್ಯಾಸ ಬೇರೊಂದು ಕಡೆ ಉಪಯೋಗಕ್ಕೆ ಬಂತು. ಸಕಲೇಶಪುರದ ಕಡೆ ನಮ್ಮ ಅಕ್ಕನ ಕಾಫಿ ತೋಟವಿದೆ. ಡಾಂಬರು ರಸ್ತೆಯಿಂದ ಮನೆಗೆ ಒಂದೂವರೆ ಕಿಲೋಮೀಟರ್ ಏರುದಾರಿ. ಅಕ್ಕನಿಗೆ ಮಂಡಿ ನೋವು, ನಡೆಯಲಾಗದು. ಅದಕ್ಕೇ ಅವಳ ಮಗ ಇಬ್ಬರು ಕೂರುವ ಒಂದು ಎಟಿವಿ ತಂದಿಟ್ಟಿದ್ದ. ಮೋಟಾರ್ ಸೈಕಲ್ಲಿನಂಥ ಹ್ಯಾಂಡಲ್, ನಾಲ್ಕು ಉಬ್ಬಿದ ಚಕ್ರ. ಕೆಸರು, ಕಲ್ಲು, ಏರು ಎಲ್ಲದರ ಮೇಲೂ ಹೋಗುವ ಗಾಡಿ. 1970ರಲ್ಲಿ ಹೋಂಡಾ ಕಂಪನಿ ಅಮೆರಿಕದಲ್ಲಿ ಮಾರಾಟಕ್ಕೆ ತಂದ ಇಂಥ ಗಾಡಿಗೆ ಮೂರೇ ಚಕ್ರ. ಮೂರು ಚಕ್ರದವು ಸುಲಭವಾಗಿ ಮಗುಚುತ್ತವೆಂದು 1988ರಲ್ಲಿ ಅಲ್ಲಿ ಅವುಗಳ ಮಾರಾಟ ನಿಂತು, ನಾಲ್ಕು ಚಕ್ರದವೇ ಉಳಿದವು.

ಮಳೆಗಾಲವಿಡೀ ಕೊಟ್ಟಿಗೆಯಲ್ಲಿ ನಿಂತಿದ್ದ ಅಕ್ಕನ ಗಾಡಿ ಈಗ ಸ್ಟಾರ್ಟ್ ಆಗುತ್ತಿತ್ತು, ಅರ್ಧ ದಾರಿಯಲ್ಲಿ ನಿಲ್ಲುತ್ತಿತ್ತು. ತೋಟದ ಡ್ರೈವರ್ ಹೊಸ ಪ್ಲಗ್ ಹಾಕಿ ನೋಡಿದ್ದ. ಪೇಟೆಯ ಮೆಕ್ಯಾನಿಕ್ ಫೋನಿನಲ್ಲೇ, ಕಾರ್ಬೊರೇಟರ್ ಬದಲಾಯಿಸಬೇಕು ಎಂದಿದ್ದ. ಅಕ್ಕನ ಮಗ ಬೆಂಗಳೂರಿನಿಂದ, "ಗಾಡಿಯೂ ಇಲ್ಲ ಅಂದ್ರೆ ರಾತ್ರಿ ಹೊತ್ತು ಏನಾದ್ರೂ ಆದ್ರೆ ಏನಮ್ಮ ಗತಿ? ಇಲ್ಲಿಗೇ ಬಂದುಬಿಡು" ಎನ್ನುತ್ತಿದ್ದ. ಅವನ ಮಾತಿನಲ್ಲಿ ತಪ್ಪಿಲ್ಲ. ಆದರೆ ಮದುವೆಯಾಗಿ ಬಂದಾಗಿನಿಂದ ಇದ್ದ ಮನೆ ಬಿಡುವ ಯೋಚನೆಗೇ ಅಕ್ಕ ಊಟ ಕಡಿಮೆ ಮಾಡಿದ್ದಳು.

ಎಂಟನೇ ತರಗತಿಯ ಅವಳ ಮೊಮ್ಮಗ ಸ್ಪ್ಯಾನರ್ ಹಿಡಿದು ಬಂದ. "ಅಜ್ಜ, ಕಾರ್ಬೊರೇಟರ್ ಬಿಚ್ಚೋಣ್ವಾ?"

"ಈಗಲೇ ಏನೂ ಬಿಚ್ಚೋದು ಬೇಡ. ಗಡಿಯಾರ, ಪೆನ್ನು, ಪುಸ್ತಕ ತಗೊಂಡು ಬಾ" ಎಂದೆ.

ಡ್ರೈವರ್ ಗಾಡಿಯನ್ನು ಅಂಗಳಕ್ಕೆ ತಂದು ಸ್ಟಾರ್ಟ್ ಮಾಡಿದ. ಹುಡುಗ ಬರೆದುಕೊಂಡ: ಚೋಕ್ ಎಳೆದಾಗ ಕೂಡಲೇ ಸ್ಟಾರ್ಟ್. ಚೋಕ್ ತೆಗೆದ ಮೇಲೂ ಸಲೀಸು. ಏಳನೇ ನಿಮಿಷಕ್ಕೆ ಮುಕ್ಕರಿಸಿ ನಿಂತಿತು. ಕೂಡಲೇ ಸ್ಟಾರ್ಟ್ ಆಗಲಿಲ್ಲ. ಕಾಲು ಗಂಟೆ ಬಿಟ್ಟರೆ ಆಯಿತು. ಮತ್ತೆ ಹಾಗೇ ನಿಂತಿತು.

ಎಂಜಿನ್ನಿಗೆ ಬೇಕಾದದ್ದು ಮುಖ್ಯವಾಗಿ ಮೂರು: ಗಾಳಿ, ಪೆಟ್ರೋಲ್, ಸರಿಯಾದ ಹೊತ್ತಿಗೆ ಕಿಡಿ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 15 ಗ್ರಾಂ ಗಾಳಿ ಬೇಕು. ಕಿಡಿ ತಪ್ಪಿದರೆ ಸಾಮಾನ್ಯವಾಗಿ ಸ್ವಿಚ್ ಆರಿಸಿದ ಹಾಗೆ ಫಕ್ಕನೆ ನಿಲ್ಲುತ್ತದೆ. ತಿಂಗಳುಗಟ್ಟಲೆ ನಿಂತ ಪೆಟ್ರೋಲ್ ಅಂಟಾಗಿ ಕಾರ್ಬೊರೇಟರಿನ ಸಣ್ಣ ಜೆಟ್ ಕಟ್ಟಿಕೊಂಡಿದ್ದರೆ, ಚೋಕ್ ತೆಗೆದ ಕೂಡಲೇ ಎಂಜಿನ್ ಆರುತ್ತದೆ. ಇದು ಎರಡೂ ಅಲ್ಲ. ಎಣ್ಣೆ ತೀರಿದ ದೀಪದ ಹಾಗೆ ನಿಧಾನವಾಗಿ ಸೊರಗುತ್ತಿತ್ತು. ಅಂದರೆ ಪೆಟ್ರೋಲ್ ಮೊದಲು ಬಂದು, ಆಮೇಲೆ ಬರುತ್ತಿಲ್ಲ. ಟ್ಯಾಂಕ್ ನೋಡಿದರೆ ಭರ್ತಿ. ಪೆಟ್ರೋಲ್ ಫಿಲ್ಟರಿನಲ್ಲೂ ಕಸವಿಲ್ಲ.

ಜಗಲಿಯ ಮೇಲೆ ಹುರುಳಿಕಾಯಿ ಬಿಡಿಸುತ್ತಿದ್ದ ಅಕ್ಕ ಎಲ್ಲ ಕೇಳಿಸಿಕೊಂಡು ಹೇಳಿದಳು: "ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದ ಹಾಗಾಯ್ತಲ್ಲೋ! ಸ್ವಲ್ಪ ಸುರಿದು ನಿಂತುಬಿಡತ್ತೆ. ಗಾಳಿ ಹೋಗೋಕೆ ಇನ್ನೊಂದು ತೂತು ಬೇಡ್ವೇನೋ?"

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಟ್ಯಾಂಕಿನಿಂದ ಪೆಟ್ರೋಲ್ ಇಳಿದಷ್ಟೂ ಆ ಜಾಗಕ್ಕೆ ಹೊರಗಿನ ಗಾಳಿ ಬರಬೇಕು. ಬರದಿದ್ದರೆ ಒಳಗೆ ಒತ್ತಡ ಕಡಿಮೆಯಾಗಿ ಪೆಟ್ರೋಲ್ ಅಲ್ಲೇ ತಡೆದು ನಿಲ್ಲುತ್ತದೆ. ಎಂಜಿನ್ ಮತ್ತೆ ನಿಂತಾಗ, ಅದು ತಣ್ಣಗಾಗುವವರೆಗೆ ಕಾದು, ಡ್ರೈವರ್ ಮುಚ್ಚಳ ಸಡಿಲಿಸಿದ. 'ಸುಸ್' ಎಂದು ಗಾಳಿ ಒಳಗೆ ನುಗ್ಗಿತು! ಅದೇ ನಮಗೆ ಬೇಕಿದ್ದ ಸಾಕ್ಷಿ.

ಆ ಮುಚ್ಚಳದಿಂದ ಒಂದು ಸಣ್ಣ ರಬ್ಬರ್ ಕೊಳವೆ ಹೊರಟು ಹ್ಯಾಂಡಲಿನ ನಡುವೆ ಇಳಿದಿತ್ತು. ಗಾಳಿ ಒಳಗೆ ಹೋಗಬೇಕಾದ ದಾರಿ ಅದೇ. ಎಳೆದು ನೋಡಿದರೆ ತುದಿಯಲ್ಲಿ ಒಣಗಿದ ಮಣ್ಣು. ಮಣ್ಣಿನ ಗೂಡು ಕಟ್ಟುವ ಕಣಜವೊಂದು ಮಳೆಗಾಲದಲ್ಲಿ ಅಲ್ಲಿ ಸಂಸಾರ ಹೂಡಿತ್ತು! ಕೊಳವೆ ಕಳಚಿ, ತಂತಿಯಿಂದ ಮಣ್ಣು ಕೆದಕಿ, ಸೈಕಲ್ ಪಂಪಿನಿಂದ ಗಾಳಿ ಹೊಡೆದು ಮತ್ತೆ ಸಿಕ್ಕಿಸಿದೆವು. ಎಂಜಿನ್ ಅರ್ಧ ಗಂಟೆ ನಿಲ್ಲದೆ ಓಡಿತು. ಖರ್ಚು ಸೊನ್ನೆ.

ಮರುದಿನ ಅಕ್ಕ ಅದೇ ಗಾಡಿಯಲ್ಲಿ ಕೂತು ರಸ್ತೆಗಿಳಿದು, ಬಸ್ಸು ಹಿಡಿದು, ಬಿಪಿ ತೋರಿಸಿಕೊಂಡು ಬಂದಳು. ರಾತ್ರಿ ಮಗನಿಗೆ ಫೋನಿನಲ್ಲಿ, "ಈ ಸಲದ ಕಾಫಿ ಕೊಯ್ಲು ಮುಗೀಲಿ ಕಣೋ, ಆಮೇಲೆ ಮಾತಾಡೋಣ" ಎಂದಳು. ಅಂದು ಎರಡು ಅಕ್ಕಿರೊಟ್ಟಿ ಹೆಚ್ಚೇ ತಿಂದಳು.

ನಿಮ್ಮ ಮನೆಯ ಹಳೆಯ ಸ್ಕೂಟರ್, ಕಳೆ ಕೊಚ್ಚುವ ಯಂತ್ರ, ಜನರೇಟರ್ ಹೀಗೆ ನಿಂತರೂ ಮೊದಲು ನೋಡಿ ಬರೆದಿಟ್ಟುಕೊಳ್ಳಿ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ನಾಲ್ಕನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ. ಮಕ್ಕಳೇ, ಪೆಟ್ರೋಲಿನ ಕೆಲಸ ದೊಡ್ಡವರದು, ನೀವು ಗಡಿಯಾರ ಹಿಡಿಯಿರಿ. ಮುಚ್ಚಿದ ಕೋಣೆಯಲ್ಲಿ ಎಂಜಿನ್ ಓಡಿಸಲೇಬಾರದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಜೀವ ತೆಗೆಯುತ್ತದೆ.

ನೀವೇ ಮಾಡಬಹುದಾದ ಪ್ರಯೋಗ ಒಂದಿದೆ. ಪ್ಲಾಸ್ಟಿಕ್ ಬಾಟಲಿಯ ತಳದ ಹತ್ತಿರ ಪಕ್ಕದಲ್ಲಿ ದಬ್ಬಳದಿಂದ ಒಂದು ಸಣ್ಣ ತೂತು ಮಾಡಿಸಿಕೊಳ್ಳಿ. ನೀರು ತುಂಬಿ ಮುಚ್ಚಳ ಬಿಗಿ ಮಾಡಿ. ಹರಿಯುವ ನೀರು ನಿಲ್ಲುತ್ತದೆ. ಮುಚ್ಚಳ ಸಡಿಲಿಸಿ, ಮತ್ತೆ ಹರಿಯುತ್ತದೆ. ಕೆಳಗೊಂದು ಪಾತ್ರೆ ಇಡಲು ಮರೆಯಬೇಡಿ, ಇಲ್ಲದಿದ್ದರೆ ನೆಲ ಒರೆಸುವ ಕೆಲಸವೂ ನಿಮಗೇ.