ಹಕ್ಕಿಯ ಹಿಂದಿನ ನೀರು

ರಂಗನತಿಟ್ಟಿನಲ್ಲಿ ದೋಣಿ ಹತ್ತಿ ಒಂದು ಸುತ್ತು ಬಂದವರ ಕ್ಯಾಮೆರಾದಲ್ಲಿ ನಾಲ್ಕೈದು ನೂರು ಪಟ ಇರುವುದು ಈಗ ದೊಡ್ಡ ಮಾತಲ್ಲ. ಬಣ್ಣದ ಕೊಕ್ಕರೆ, ಬಾಯ್ಕಳಕ, ಚಮಚಕೊಕ್ಕು, ಹೆಜ್ಜಾರ್ಲೆ, ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ. ಮನೆಗೆ ಬಂದು ಚೆಂದದ ಹತ್ತನ್ನು ಆರಿಸಿ ನೆಂಟರಿಷ್ಟರಿಗೆ ಕಳಿಸುತ್ತಾರೆ. ಉಳಿದವು ಹೆಸರಿಲ್ಲದ ಯಾವುದೋ ಫೋಲ್ಡರಿನಲ್ಲಿ ಬಿದ್ದಿರುತ್ತವೆ. ನನಗೆ ಆ ಉಳಿದವುಗಳದ್ದೇ ಚಿಂತೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕೆರೆ ಏರಿಗಳ ಮೇಲೆ, ಕನ್ನಂಬಾಡಿ ಹಿನ್ನೀರಿನ ಕೆಸರಿನಲ್ಲಿ ಕ್ಯಾಮೆರಾ ಹಿಡಿದು ಅಲೆಯುವವರು ಈಗ ಬೇಕಾದಷ್ಟು ಜನರಿದ್ದಾರೆ. ಮೇಷ್ಟರು, ಔಷಧಿ ಅಂಗಡಿಯವರು, ಕಬ್ಬು ಬೆಳೆಯುವವರು. ಇವರೆಲ್ಲರ ಪಟಗಳನ್ನು ಒಂದೆಡೆ ಕೂಡಿಸಿದರೆ ಈ ಸೀಮೆಯ ನೀರಿನ ಕಥೆಯೇ ಸಿಕ್ಕೀತು. ಆದರೆ ಯಾವ ಪಟ ಎಲ್ಲಿಯದು, ಎಂದಿನದು ಎನ್ನುವುದು ಅದರ ಜೊತೆಗೇ ಇರಬೇಕು.

ಸಲೀಂ ಅಲಿಯವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದ್ದು 1939-40ರಲ್ಲಿ. ಅವರ ಒತ್ತಾಸೆಯಿಂದಲೇ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ಕರ್ನಾಟಕದ ಮೊದಲ ರಾಮ್ಸಾರ್ ತಾಣವೂ ಆಯಿತು. ಆ ಕಾಲದ ಸಮೀಕ್ಷೆ ಎಂದರೆ ಹಕ್ಕಿಯ ಚರ್ಮವನ್ನು ಹದ ಮಾಡಿ, ಕಾಲಿಗೆ ಒಂದು ಚೀಟಿ ಕಟ್ಟಿ ಇಡುವುದು. ಚೀಟಿಯಲ್ಲಿ ಊರು, ತಾರೀಖು, ಗಂಡೋ ಹೆಣ್ಣೋ ಎಂಬ ವಿವರ. ಚೀಟಿ ಕಳಚಿ ಬಿದ್ದ ಚರ್ಮವನ್ನು ಯಾವ ವಸ್ತುಸಂಗ್ರಹಾಲಯವೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾವು ಹಕ್ಕಿಯನ್ನು ಕೊಲ್ಲದೆ ಪಟ ತೆಗೆಯುತ್ತೇವೆ, ಅದು ಒಳ್ಳೆಯದೇ. ಚೀಟಿ ಕಟ್ಟುವುದನ್ನು ಮಾತ್ರ ಬಿಟ್ಟುಬಿಟ್ಟೆವು.

ನಾಗಮಂಗಲದ ಕಡೆಯ ನಿವೃತ್ತ ಮೇಷ್ಟರೊಬ್ಬರು ತಮ್ಮ ಹಳೆಯ ಸ್ಲೈಡುಗಳ ಪೆಟ್ಟಿಗೆಯನ್ನು ನನ್ನ ಮುಂದಿಟ್ಟರು. ಬಿಸ್ಕತ್ತಿನ ತಗಡಿನ ಡಬ್ಬ. ಒಳಗೆ ರಟ್ಟಿನ ಚೌಕಟ್ಟಿನ ಸ್ಲೈಡುಗಳು ಸಾಲಾಗಿ ನಿಂತಿದ್ದವು. ಒಂದನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಬಂಡೆಯ ಮೇಲೆ ನದಿ ರೀವ, ಕಪ್ಪು ನೆತ್ತಿ, ಹಳದಿ ಕೊಕ್ಕು, ಎದೆಯ ಕೆಳಗೆ ಅರ್ಧ ಕಾಣುವ ಮೊಟ್ಟೆ. ಒಂದು ಮೂಲೆಯಿಂದ ಬೂಸ್ಟು ಎಳೆಎಳೆಯಾಗಿ ಹಬ್ಬಿ ರೆಕ್ಕೆಯ ತುದಿ ಮುಟ್ಟಿತ್ತು. ರಟ್ಟಿನ ಮೇಲೆ ನೀಲಿ ಶಾಯಿಯಲ್ಲಿ ‘ರಂಗನತಿಟ್ಟು, ಮಾರ್ಚ್ 87’ ಎಂಬ ದುಂಡು ಅಕ್ಷರ. ನಾನು ನೋಡಿದ್ದು ಹಕ್ಕಿಗಿಂತ ಹೆಚ್ಚಾಗಿ ಬಂಡೆಯನ್ನು. ನೀರು ಅದರ ಎಷ್ಟು ಕೆಳಗಿದೆ, ಹಿಂದಿನ ತಿಟ್ಟಿನ ಅಂಚಿನಲ್ಲಿ ಹೊಳೆಮತ್ತಿ ಮರ ಎಷ್ಟು ದಟ್ಟವಾಗಿದೆ ಎನ್ನುವುದೆಲ್ಲ ಅದರಲ್ಲಿತ್ತು. ಹಾಗೆಂದಾಗ ಮೇಷ್ಟರು, “ನಾನ್ ತೆಗ್ದಿದ್ದು ಹಕ್ಕೀನ ಕಣಪ್ಪ, ನೀರು ತಾನಾಗೇ ಬಂದದೆ” ಎಂದರು.

ತಾನಾಗಿ ಬಂದ ಆ ನೀರು ನಮಗೆ ಬೇಕು. 2018 ಮತ್ತು 2019ರ ಮಳೆಗಾಲದಲ್ಲಿ ಕನ್ನಂಬಾಡಿ ಕಟ್ಟೆಯಿಂದ ಹೊಳೆಗೆ ಭಾರಿ ನೀರು ಬಿಟ್ಟಾಗ ತಿಟ್ಟುಗಳು ಮುಳುಗಿದವು, ದೋಣಿವಿಹಾರ ನಿಂತಿತು. ಕೊಚ್ಚಿಹೋದ ದಡಗಳಿಗೆ ಮರಳಿನ ಚೀಲ ಪೇರಿಸಿ ತಿಟ್ಟು ಉಳಿಸುವ ಕೆಲಸವೂ ನಡೆಯಿತು. ಮೊದಲು ತಿಟ್ಟು ಎಲ್ಲಿಯವರೆಗೆ ಇತ್ತು, ಗೂಡಿನ ಮರ ಯಾವುದಿತ್ತು ಎಂದು ಯಾರಾದರೂ ಕೇಳಿದರೆ ಇಂಥ ಪಟಗಳೇ ಸಾಕ್ಷಿ ಹೇಳಬೇಕು. ಆದ್ದರಿಂದ ಹಕ್ಕಿಯನ್ನಷ್ಟೇ ಕತ್ತರಿಸಿ ತೆಗೆದು, ಹಿನ್ನೆಲೆಯನ್ನು ಮಸುಕಾಗಿಸಿ ಗೋಡೆಗೆ ತೂಗುಹಾಕುವವರು ಹಾಕಿಕೊಳ್ಳಲಿ, ಮೂಲ ಚೌಕಟ್ಟನ್ನು ಮಾತ್ರ ಅಳಿಸಬಾರದು. ಮಂಗೋಲಿಯಾದಲ್ಲಿ ಕೊರಳಪಟ್ಟಿ ಹಾಕಿಸಿಕೊಂಡ ಪಟ್ಟೆತಲೆ ಹೆಬ್ಬಾತುಗಳು ಮೈಸೂರು ಸೀಮೆಯ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ಪಟ್ಟಿಯ ಮೇಲಿನ ಅಕ್ಷರ, ಅಂಕಿ ಓದಲು ಸಿಗುವುದು ಪೂರ್ತಿ ಗಾತ್ರದ ಪಟದಲ್ಲಿ. ವಾಟ್ಸಾಪಿನಲ್ಲಿ ಹೋದ ಪಟ ಸೊರಗುತ್ತದೆ, ಕ್ಯಾಮೆರಾ ಒಳಗೇ ಬರೆದಿಟ್ಟ ತಾರೀಖೂ ಉದುರಿಹೋಗುತ್ತದೆ.

ಹೆಸರಿಡುವುದಕ್ಕೆ ನನ್ನದು ಸರಳ ಕ್ರಮ. ಮೊದಲು ವರ್ಷ, ತಿಂಗಳು, ದಿನ, ಆಮೇಲೆ ಜಾಗ, ಕೊನೆಗೆ ಹಕ್ಕಿ. ವರ್ಷ ಮುಂದಿದ್ದರೆ ಕಂಪ್ಯೂಟರು ತಾನೇ ಕಾಲಕ್ರಮದಲ್ಲಿ ಜೋಡಿಸುತ್ತದೆ. ಜಾಗದ ವಿಷಯದಲ್ಲಿ ‘ದೊಡ್ಡಕೆರೆ’ ಎಂದಷ್ಟೇ ಬರೆದರೆ ಯಾರಿಗೂ ಉಪಯೋಗವಿಲ್ಲ, ಒಂದೊಂದು ತಾಲ್ಲೂಕಿನಲ್ಲೂ ದೊಡ್ಡಕೆರೆಗಳು ಹಲವು. ಊರು, ತಾಲ್ಲೂಕು ಎರಡೂ ಬೇಕು. ಫೋನಿನಿಂದ ಅಕ್ಷಾಂಶ ರೇಖಾಂಶ ಸಿಕ್ಕರೆ ಇನ್ನೂ ಒಳ್ಳೆಯದು. ಊರಿನ ಹೆಸರೂ ಬದಲಾಗುತ್ತದೆ. ಪಾಂಡವಪುರವನ್ನು ಒಂದು ಕಾಲದಲ್ಲಿ ಫ್ರೆಂಚ್ ರಾಕ್ಸ್ ಎಂದು ಬರೆಯುತ್ತಿದ್ದರು ಎಂಬುದು ಈಗಿನ ಹುಡುಗರಿಗೆ ಗೊತ್ತಿರಲಾರದು. ವೈಜ್ಞಾನಿಕ ಹೆಸರುಗಳೂ ಸ್ಥಿರವಲ್ಲ. ತೋಟದಲ್ಲಿ ಕೂಗುವ ಕುಟ್ರು ಹಕ್ಕಿ ಮೆಗಲೈಮ ಇದ್ದದ್ದು ಸೈಲೊಪೊಗಾನ್ ಆಯಿತು. ಹಾಗಾಗಿ ಕನ್ನಡದ ಹೆಸರೂ ಇರಲಿ, ವೈಜ್ಞಾನಿಕ ಹೆಸರೂ ಇರಲಿ. ಕನ್ನಡದಲ್ಲಿ ಬರೆಯುವವರು ಯೂನಿಕೋಡಿನಲ್ಲೇ ಬರೆಯಬೇಕು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಕೀಲಿಸಿದ ಎಷ್ಟೋ ವಿವರಗಳು ಇಂದು ಆ ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಗೀಚಾಗಿ ಕಾಣುತ್ತವೆ. ಬರೆದವರು ಶ್ರದ್ಧೆಯಿಂದಲೇ ಬರೆದಿದ್ದರು ಎಂದು ನೆನೆದಾಗ ಹೊಟ್ಟೆ ಉರಿಯುತ್ತದೆ.

ಪ್ರತಿಗಳ ಮಾತು ಬೇಗ ಮುಗಿಯುತ್ತದೆ. ಮೂರು ಪ್ರತಿ, ಅದರಲ್ಲೊಂದು ಬೇರೆ ಊರಿನಲ್ಲಿ, ವರ್ಷಕ್ಕೊಮ್ಮೆ ತೆರೆದು ನೋಡುವುದು. ಪುಕ್ಕಟೆ ಜಾಲತಾಣವನ್ನೇ ನೆಚ್ಚಿ ಕೂರಬಾರದು. ಪಿಕಾಸಾ 2016ರಲ್ಲಿ ಬಾಗಿಲು ಹಾಕಿತು; ಫ್ಲಿಕರ್ ಪುಕ್ಕಟೆ ಖಾತೆಗೆ ಸಾವಿರ ಪಟದ ಮಿತಿ ಹಾಕುವುದಾಗಿ 2018ರಲ್ಲಿ ಸಾರಿತು; ಗೂಗಲ್ ಫೋಟೋಸ್ 2021ರ ಜೂನ್‌ನಿಂದ ಮಿತಿಯಿಲ್ಲದ ಪುಕ್ಕಟೆ ಜಾಗವನ್ನು ನಿಲ್ಲಿಸಿತು. ಇಬರ್ಡ್‌ನಲ್ಲಿ ಹಕ್ಕಿಪಟ್ಟಿಯ ಜೊತೆ ಏರಿಸಿದ ಪಟ ಕಾರ್ನೆಲ್ ವಿಶ್ವವಿದ್ಯಾಲಯದ ಮೆಕಾಲೆ ಲೈಬ್ರರಿ ಸೇರುತ್ತದೆ, ವಿಕಿಮೀಡಿಯ ಕಾಮನ್ಸ್‌ಗೆ ಕೊಟ್ಟದ್ದನ್ನು ಯಾರು ಬೇಕಾದರೂ ಬಳಸಬಹುದು. ಎರಡಕ್ಕೂ ಕೊಡಿ ಎಂದೇ ನಾನು ಹೇಳುತ್ತೇನೆ. ಗೂಡಿನ ನಿಖರ ಜಾಗವನ್ನು ಮಾತ್ರ ಆ ಋತು ಮುಗಿಯುವವರೆಗೆ ಬಯಲು ಮಾಡಬೇಡಿ.

ಆಯ್ಕೆಯ ವಿಷಯದಲ್ಲಿ ನನ್ನ ಹಟ ಬೇರೆ. ಅಪರೂಪದ ಹಕ್ಕಿಯ ಪಟವನ್ನು ಯಾರೂ ಎಸೆಯುವುದಿಲ್ಲ. ಎಸೆಯುವುದು ಗೊರವಂಕ, ಟಿಟ್ಟಿಭ, ಗೀಜಗ, ದೇವನಕ್ಕಿಗಳನ್ನು. ವರಾಹನಾಥ ಕಲ್ಲಹಳ್ಳಿಯ ಹತ್ತಿರ ಹಿನ್ನೀರು ಇಳಿದು ಕೆಸರಿನ ಬಯಲು ತೆರೆದುಕೊಂಡಾಗ ಅಲ್ಲಿ ಬರುವ ಸಾಮಾನ್ಯ ಹಕ್ಕಿಗಳ ಗುಂಪು, ತೊಣ್ಣೂರು ಕೆರೆಯ ನೀರುಕಾಗೆಗಳು, ನಾಗಮಂಗಲದ ಬೀಳುಭೂಮಿಯ ನೆಲಗುಬ್ಬಿ, ಇವು ದಿನಾ ಕಾಣುವುದರಿಂದಲೇ ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಆ ಬೀಳಿನಲ್ಲಿ ಬಡಾವಣೆ ಎದ್ದ ಮೇಲೆ ಅಲ್ಲಿ ನೆಲಗುಬ್ಬಿ ಇತ್ತೆಂದು ಹೇಳಲು ತಾರೀಖು ಬರೆದ ಮಸುಕು ಪಟವೊಂದು ಸಾಕು.

ಕೊನೆಯದಾಗಿ ಹಕ್ಕಿನ ಮಾತು. ನಮ್ಮ ಕಾಯ್ದೆಯಂತೆ ಪಟ ತೆಗೆದವರು ತೀರಿಕೊಂಡ ಮೇಲೂ 60 ವರ್ಷ ಅದರ ಹಕ್ಕು ವಾರಸುದಾರರದ್ದು. ಅವರನ್ನು ಹುಡುಕಿ ಒಪ್ಪಿಗೆ ಕೇಳುವಷ್ಟರಲ್ಲಿ ಬೂಸ್ಟು ಉಳಿದದ್ದನ್ನೂ ತಿಂದಿರುತ್ತದೆ. ವನ್ಯಜೀವಿ ಛಾಯಾಗ್ರಾಹಕರಾದ ಟಿ.ಎನ್.ಎ. ಪೆರುಮಾಳ್ 2017ರಲ್ಲಿ, ಎಂ.ವೈ. ಘೋರ್ಪಡೆ 2011ರಲ್ಲಿ ತೀರಿಕೊಂಡರು. ಅಂಥ ದೊಡ್ಡವರ ಪಟಗಳನ್ನು ಪುಸ್ತಕಗಳಾದರೂ ಉಳಿಸಿಕೊಂಡಾವು. ಊರಿನ ಮೇಷ್ಟರ ಡಬ್ಬವನ್ನು ಕಾಯುವವರು ಯಾರು? ಅದಕ್ಕೇ ಅವರ ಕೈಯಲ್ಲಿ ಒಂದು ಕಾಗದ ಬರೆಸಿದೆ: ಈ ಪಟಗಳನ್ನು ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದು, ಮೂಲ ಸ್ಲೈಡುಗಳು ಮಗಳ ಬಳಿ ಇರತಕ್ಕದ್ದು. ಮಗಳೂ ಸಹಿ ಹಾಕಿದರು. ಆದಿಚುಂಚನಗಿರಿಯ ನವಿಲುಗಳ ಸ್ಲೈಡುಗಳು ಇನ್ನೂ ಸ್ಕ್ಯಾನ್ ಆಗಬೇಕು. ಮಳೆಗಾಲದ ತೇವದಲ್ಲಿ ಅವನ್ನು ಹೊರಗೆ ತೆಗೆಯುವುದು ಬೇಡವೆಂದು ಸಿಲಿಕಾ ಜೆಲ್ ಹಾಕಿ ಮುಚ್ಚಿದ್ದೇವೆ, ದೀಪಾವಳಿ ಕಳೆದ ಮೇಲೆ ಕೂರುತ್ತೇವೆ.