ಬೊಂಬೊಲೋನೆ ಮತ್ತು ನಮ್ಮ ಹೂರಣ

ಕಡುಬಿಗೆ ಹೂರಣವನ್ನು ಮೊದಲು ತುಂಬಿ ಅನಂತರ ಎಣ್ಣೆಗೆ ಬಿಡುವುದು ನಮ್ಮ ಪದ್ಧತಿ. ಇಟಲಿಯ ಟಸ್ಕನಿ ಪ್ರಾಂತದವರು ಮೊದಲು ಕರಿದು ಆಮೇಲೆ ತುಂಬುತ್ತಾರೆ. ಹೀಗೆ ತುಂಬಿದ ದುಂಡನೆಯ ಸಿಹಿತಿಂಡಿಗೆ ಅವರು ಬೊಂಬೊಲೋನೆ ಎನ್ನುತ್ತಾರೆ. ಬೊಂಬಾ ಎಂದರೆ ಬಾಂಬು. ಕೈಯಲ್ಲಿ ಹಿಡಿದು ಕಚ್ಚಿದಾಗ ಒಳಗಿನ ಕೆನೆ ಗದ್ದದ ಮೇಲೆ ಸುರಿಯುವುದನ್ನು ಕಂಡವರಿಗೆ ಈ ಹೆಸರಿನ ಔಚಿತ್ಯವನ್ನು ವಿವರಿಸಬೇಕಾಗಿಲ್ಲ.

ಮಗಳು ಮತ್ತು ಅಳಿಯಂದಿರು ಫ್ಲಾರೆನ್ಸ್ ನಗರದಲ್ಲಿ ಉದ್ಯೋಗದಲ್ಲಿದ್ದಾರೆ. 2023ರ ವಸಂತದಲ್ಲಿ ನಾನು ಎರಡು ತಿಂಗಳು ಅವರ ಮನೆಯಲ್ಲಿದ್ದೆ. ಅಲ್ಲಿಯ ಸಿಹಿ ಅಂಗಡಿಗಳಲ್ಲಿ ಮೊದಲು ಗಲ್ಲೆಯಲ್ಲಿ ಹಣ ಕೊಟ್ಟು, ಚೀಟಿ ಪಡೆದು, ಕಟ್ಟೆಯ ಬಳಿ ನಿಂತೇ ತಿನ್ನುವುದು ವಾಡಿಕೆ. ಬೆಂಗಳೂರಿನ ದರ್ಶಿನಿಗಳ ನೆನಪಾಯಿತು. ಕುರ್ಚಿಯಲ್ಲಿ ಕುಳಿತರೆ ಅನೇಕ ಕಡೆ ದರ ಹೆಚ್ಚು; ಆದ್ದರಿಂದ ನನ್ನ ವಯಸ್ಸಿನವರೂ ನಿಂತೇ ಇರುತ್ತಾರೆ!

ಮನೆಯ ಸಮೀಪದ ಅಂಗಡಿಯಲ್ಲಿ ಗಾಜಿನ ಹಿಂದೆ ಇವನ್ನು ಮಾಡುವುದು ಕಾಣುತ್ತಿತ್ತು. ಮೈದಾ, ಹಾಲು, ಬೆಣ್ಣೆ, ಸಕ್ಕರೆ, ನಿಂಬೆ ಸಿಪ್ಪೆಯ ತುರಿ, ಯೀಸ್ಟ್ ಇವುಗಳನ್ನು ಕಲಸಿ ನಾದಿದ ಹಿಟ್ಟನ್ನು ಉಬ್ಬಲು ಬಿಡುತ್ತಾರೆ. ಬಿಲ್ಲೆಗಳಾಗಿ ಕತ್ತರಿಸಿದ ಮೇಲೆ ಮತ್ತೊಮ್ಮೆ ಉಬ್ಬಬೇಕು. ಸುಮಾರು 170 ಡಿಗ್ರಿ ಸೆಲ್ಸಿಯಸ್ ಕಾವಿನ ಎಣ್ಣೆಗೆ ಬಿಟ್ಟಾಗ ಅದು ಮುಳುಗದೆ ತೇಲುತ್ತದೆ. ಮೇಲಿನ ಅರ್ಧ ಹೊರಗೇ ಉಳಿಯುವುದರಿಂದ ತಿರುವಿ ಹಾಕಿ ಎರಡೂ ಮಗ್ಗುಲು ಕರಿದರೂ ನಡುವಿನಲ್ಲಿ ಬಿಳಿಯ ಪಟ್ಟಿಯೊಂದು ನಿಲ್ಲುತ್ತದೆ. ಆ ಪಟ್ಟಿಯಿದ್ದರೆ ಹಿಟ್ಟು ಚೆನ್ನಾಗಿ ಉಬ್ಬಿ ಹಗುರಾಗಿತ್ತು ಎಂದು ಅರ್ಥ. ಬಿಸಿಯಿರುವಾಗಲೇ ಸಕ್ಕರೆಯಲ್ಲಿ ಹೊರಳಿಸಿ, ಕೊಳವೆಯ ಮೂತಿಯಿಂದ ಕೆನೆಯನ್ನು ಒತ್ತಿ ತುಂಬುತ್ತಾರೆ.

ವಿಯೆನ್ನಾದಲ್ಲಿ ಇದೇ ಜಾತಿಯ ತಿನಿಸಿಗೆ ಕ್ರಾಪ್ಫೆನ್ ಎಂದು ಹೆಸರು. ಒಳಗೆ ಜರದಾಳು ಹಣ್ಣಿನ ಜಾಮ್. 1737ರಲ್ಲಿ ಮೆಡಿಚಿ ಮನೆತನದ ಆಳ್ವಿಕೆ ಕೊನೆಗೊಂಡು ಟಸ್ಕನಿಯು ಲೊರೇನ್ ಮನೆತನದ ವಶಕ್ಕೆ ಬಂದಿತು. ಅದರ ಮೂಲಕ ಆಸ್ಟ್ರಿಯದ ನಂಟು ಬೆಳೆದು ತಿಂಡಿಯೂ ಬಂದಿರಬೇಕೆಂದು ಹೇಳುವವರಿದ್ದಾರೆ. ಅರಸೊತ್ತಿಗೆ ಹೋಯಿತು, ಕರಿದ ತಿಂಡಿ ಉಳಿಯಿತು.

ಮೇಲಿನ ಪದಾರ್ಥಗಳಲ್ಲಿ ಒಂದನ್ನು ನಾನು ಹೇಳಲಿಲ್ಲ. ಹಿಟ್ಟಿನಲ್ಲಿ ಕೋಳಿಮೊಟ್ಟೆ ಇರುತ್ತದೆ. ಒಳಗಿನ ಕೆನೆಗೆ ಹಳದಿ ಬಣ್ಣ ಬರುವುದೂ ಮೊಟ್ಟೆಯ ಭಂಡಾರದಿಂದಲೇ. ಕೆಲವು ಹಳೆಯ ಪದ್ಧತಿಯ ಅಡಿಗೆಗಳಲ್ಲಿ ಕರಿಯುವುದಕ್ಕೆ ಸ್ಟ್ರುಟ್ಟೊ ಎಂಬ ಹಂದಿಯ ಕೊಬ್ಬನ್ನು ಬಳಸುವುದೂ ಉಂಟು. ಲಿಂಗವಂತರ ಮನೆಯಲ್ಲಿ ಹುಟ್ಟಿ ಬೆಳೆದು ಅರವತ್ತೆಂಟು ವರ್ಷ ಕಳೆದ ನನಗೆ ಇವೆರಡೂ ಸಲ್ಲುವುದಿಲ್ಲ.

ತೊಡಕು ಅಂಗಡಿಯವರ ದುರಾಗ್ರಹದಿಂದ ಬಂದದ್ದಲ್ಲ, ಭಾಷೆಯಿಂದ ಬಂದದ್ದು. ನಮ್ಮ ದೇಶದಲ್ಲಿ ಪೊಟ್ಟಣದ ಮೇಲೆ ಹಸಿರು ಚುಕ್ಕೆಯಿದ್ದರೆ ಅದರಲ್ಲಿ ಮೊಟ್ಟೆಯಿಲ್ಲವೆಂದು ತಿಳಿಯುತ್ತೇವೆ. ಇಟಲಿಯಲ್ಲಿ 'ವೆಜಿಟೇರಿಯಾನೊ' ಎಂದರೆ ಹಾಲೂ ಸಲ್ಲುತ್ತದೆ, ಮೊಟ್ಟೆಯೂ ಸಲ್ಲುತ್ತದೆ. ಮೊಟ್ಟೆ ಬೇಡವೆಂದರೆ 'ವೆಗಾನೊ' ಎನ್ನಬೇಕು. ಆಗ ಹಾಲು, ಬೆಣ್ಣೆಗಳೂ ಹೋಗುತ್ತವೆ. ಹಾಲು ಸರಿ, ಮೊಟ್ಟೆ ಬೇಡ ಎಂಬ ನಮ್ಮ ಆಹಾರಕ್ರಮಕ್ಕೆ ಅಲ್ಲಿಯ ಅಂಗಡಿಗಳಲ್ಲಿ ಒಂದು ಹೆಸರು ನನಗೆ ಕಾಣಲಿಲ್ಲ. (ಪಾರ್ಮಿಜಾನೊ ಗಿಣ್ಣವನ್ನು ಕರುವಿನ ಜಠರದ ಹೆಪ್ಪಿನಿಂದಲೇ ಮಾಡಬೇಕೆಂಬ ನಿಯಮವಿದೆ. ಪಿಜ್ಜಾದ ಮೇಲೆ ಅದನ್ನು ಉದುರಿಸಿಕೊಳ್ಳುವ ನಮ್ಮ ತರುಣರು ಇದನ್ನು ತಿಳಿದಿರುವುದು ಒಳ್ಳೆಯದು.)

ಆದರೆ ಆ ದೇಶದ ಒಂದು ವ್ಯವಸ್ಥೆ ನನಗೆ ಮೆಚ್ಚುಗೆಯಾಯಿತು. ಬಿಡಿಯಾಗಿ ಮಾರುವ ತಿಂಡಿಗೂ ಪದಾರ್ಥಗಳ ಪಟ್ಟಿಯನ್ನು ಗಿರಾಕಿಗೆ ತೋರಿಸುವಂತೆ ಇಡಬೇಕು. ಮೊಟ್ಟೆ, ಹಾಲು, ಗೋಧಿ ಮೊದಲಾದ 14 ಬಗೆಯ ಒಗ್ಗದ ಪದಾರ್ಥಗಳನ್ನು ತಿಳಿಸಲೇಬೇಕೆಂಬ ಯುರೋಪಿನ ನಿಯಮ 2014ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ಕೇಳಿದೊಡನೆ ಅಂಗಡಿಯಾಕೆ ಒಂದು ದಪ್ಪ ಪುಸ್ತಕವನ್ನು ಮುಂದಿಟ್ಟಳು. ಮಗಳು ಬೆರಳಾಡಿಸಿ ನೋಡಿ, "ಅವ್ವಾ, ಇದರಾಗ ತತ್ತಿ ಐತಿ" ಎಂದಳು. ನಾನು ಕಾಫಿಯನ್ನಷ್ಟೇ ಕುಡಿದೆ.

ಏಳು ವರ್ಷದ ಮೊಮ್ಮಗನಿಗೆ ಇದು ಒಪ್ಪಿಗೆಯಾಗಲಿಲ್ಲ. ಶಾಲೆಯ ಗೆಳೆಯರ ಹುಟ್ಟುಹಬ್ಬಗಳಲ್ಲಿ ಅವನು ಮೊಟ್ಟೆಯ ಕೇಕು ತಿನ್ನುತ್ತಾನೆ. ಅಳಿಯಂದಿರು ಅದನ್ನು ತಡೆಯುವುದಿಲ್ಲ, ಮಗಳಿಗೆ ಅದು ಒಳಗೊಳಗೇ ಕೊರಗು. ನಾನು ಏನಾದರೂ ಹೇಳುವೆನೆಂದು ಇಬ್ಬರೂ ಕಾದಂತಿತ್ತು. ದಿನವೂ ಮಗುವನ್ನು ಸಾಕುವವರು ಅವರು. ಎರಡು ತಿಂಗಳ ಅತಿಥಿಯಾದ ನಾನು ಅದರಲ್ಲಿ ತೀರ್ಪು ಕೊಡುವುದು ಸರಿಯೆಂದು ನನಗೆ ತೋರಲಿಲ್ಲ. "ಅಜ್ಜಿ, ನಿನಗ ಹೊಟ್ಟಿಗೆ ಆಗಂಗಿಲ್ಲೇನು?" ಎಂದು ಅವನು ಕೇಳಿದ. ಆಗುತ್ತದೆ, ಆದರೆ ಕೋಳಿಯ ಮರಿಯಾಗಬೇಕಾದದ್ದನ್ನು ನಾನು ತಿನ್ನುವುದಿಲ್ಲ ಎಂದೆ. ಅವನು ಬಹಳ ಹೊತ್ತು ಸುಮ್ಮನಿದ್ದ. ಅಂದಿನಿಂದ ಯಾವ ಅಂಗಡಿಗೆ ಹೋದರೂ ಪುಸ್ತಕ ಕೇಳುವ ಕೆಲಸ ಅವನದೇ ಆಯಿತು. ಊವೊ ಎಂದರೆ ಮೊಟ್ಟೆ, ಸ್ಟ್ರುಟ್ಟೊ ಎಂದರೆ ಕೊಬ್ಬು ಎಂದು ಎರಡು ಪದಗಳನ್ನು ನನಗೂ ಬಾಯಿಪಾಠ ಮಾಡಿಸಿದ.

ಮೂರನೆಯ ವಾರ ನದಿಯ ಆಚೆಯ ಅಂಗಡಿಯೊಂದರಲ್ಲಿ 'ವೆಗಾನೊ' ಬೊಂಬೊಲೋನೆಯನ್ನು ಅವನೇ ಕಂಡುಹಿಡಿದ. ಸೋಯಾ ಹಾಲಿನ ಕೆನೆ, ಸೂರ್ಯಕಾಂತಿ ಎಣ್ಣೆ. ತಿಂದೆ. ಹೊರಗಿನ ಪದರ ಹಗುರ, ಸಕ್ಕರೆ ಹದವಾಗಿತ್ತು; ಕೆನೆಯಲ್ಲಿ ಮಾತ್ರ ಹಸಿ ಸೋಯಾದ ವಾಸನೆ. ನಿಂಬೆಯ ಪರಿಮಳ ಅದನ್ನು ಅರ್ಧ ಮುಚ್ಚಿತ್ತು. ಮೊಮ್ಮಗ ನನ್ನ ಮುಖವನ್ನೇ ನೋಡುತ್ತಿದ್ದುದರಿಂದ ಒಂದು ಚೂರನ್ನೂ ಬಿಡಲಿಲ್ಲ.

ಆ ರವಿವಾರ ಮನೆಯಲ್ಲೇ ಮಾಡಿದೆವು. ಮೊಟ್ಟೆಯ ಬದಲಿಗೆ ಎರಡು ಚಮಚ ಗಟ್ಟಿ ಮೊಸರು. ಅಲ್ಲಿಯ ಅಡಿಗೆಮನೆ ತಂಪಾದ್ದರಿಂದ ಹಿಟ್ಟು ಉಬ್ಬಲು ಮೂರು ಗಂಟೆ ಹಿಡಿಯಿತು. ಅರ್ಧದಷ್ಟಕ್ಕೆ ಕಸ್ಟರ್ಡ್ ಪುಡಿಯ ಕೆನೆ, ಉಳಿದರ್ಧಕ್ಕೆ ಕಡಲೆಬೇಳೆ, ಬೆಲ್ಲ, ಏಲಕ್ಕಿಯ ಹೂರಣ. ಹೂರಣವು ಕೊಳವೆಯಲ್ಲಿ ಇಳಿಯದಿರಲು ಹಾಲು ಹಾಕಿ ತೆಳ್ಳಗೆ ಅರೆದೆ. ಬಿಳಿಯ ಪಟ್ಟಿ ನಾಲ್ಕಕ್ಕೆ ಮಾತ್ರ ಬಂದಿತು.

ಕೆಳಗಿನ ಮನೆಯ ವೃದ್ಧೆಗೆ ಮೊಮ್ಮಗ ಎರಡನ್ನು ಕೊಟ್ಟು ಬಂದ. ಸಂಜೆ ಆಕೆ ಮೆಟ್ಟಿಲು ಹತ್ತಿ ಬಂದು ಈ ಕೆನೆ ಯಾವುದರದು ಎಂದು ಕೇಳಿದಳು. ಟಸ್ಕನಿಯ ಕರಾವಳಿಯಲ್ಲಿ ಕಡಲೆಹಿಟ್ಟಿನ ಉಪ್ಪಿನ ರೊಟ್ಟಿಯನ್ನು ಬೇಯಿಸುತ್ತಾರೆ. ಕಡಲೆ ಆಕೆಗೆ ಹೊಸದಲ್ಲ. ಅದಕ್ಕೆ ಬೆಲ್ಲ ಹಾಕುವರೆಂದು ಮಾತ್ರ ಆಕೆ ನಂಬಲಿಲ್ಲ. ಕೊನೆಗೆ ಮೊಮ್ಮಗನೇ ಒಂದು ಹಾಳೆಯ ಮೇಲೆ ಪದಾರ್ಥಗಳನ್ನೆಲ್ಲ ಇಟಲಿಯ ಭಾಷೆಯಲ್ಲಿ ಬರೆದು ಆಕೆಯ ಕೈಗಿತ್ತ.