ಮೂರು ಲಿಪಿಗಳ ಮಾಯಾಲೋಕ

ಅದ್ಭುತ ಕಥೆಗಳು ಮಕ್ಕಳ ಸೊತ್ತೆಂಬ ನಂಬಿಕೆ ಲೋಕದಲ್ಲಿ ಬಲವಾಗಿ ಬೇರೂರಿದೆ. ಬಾಲ್ಯದಲ್ಲಿ ಮಾಂತ್ರಿಕರ ಕಥೆ, ಮೀಸೆ ಮೂಡಿದ ಮೇಲೆ ಸಾಮಾಜಿಕ ಕಾದಂಬರಿ, ತಲೆ ನರೆತ ಮೇಲೆ ಪುರಾಣ ವೇದಾಂತ—ಇದು ಸದ್ಗೃಹಸ್ಥರು ತಮಗೆ ತಾವೇ ವಿಧಿಸಿಕೊಂಡಿರುವ ಪಠ್ಯಕ್ರಮ. ಈ ಕ್ರಮಕ್ಕೆ ಒಳಪಡದ ಓದುಗರೊಬ್ಬರು ಕಲಬುರ್ಗಿ ಜಿಲ್ಲೆಯ ಜೇವರ್ಗಿಯಲ್ಲಿದ್ದಾರೆ. ಅವರು ನಿವೃತ್ತ ಉಪಾಧ್ಯಾಯರು. ಊರವರ ಬಾಯಲ್ಲಿ ‘ಮಾಸ್ತರು’. ವಯಸ್ಸು ಎಪ್ಪತ್ತೈದನ್ನು ಸಮೀಪಿಸಿದೆ. ಸಂಜೆಯ ಹೊತ್ತು ಕಟ್ಟೆಯ ಮೇಲೆ ಕುಳಿತ ಸಮವಯಸ್ಕರು ತೊಗರಿಯ ಧಾರಣೆಯನ್ನೂ ಭೀಮೆಯ ಮಹಾಪೂರವನ್ನೂ ಚರ್ಚಿಸುತ್ತಿದ್ದರೆ, ಮಾಸ್ತರು ನಡುವೆ ಬಾಯಿ ಹಾಕಿ, ಮಂತ್ರದಂಡವನ್ನು ಕಳೆದುಕೊಂಡ ಮಾಂತ್ರಿಕನಲ್ಲಿ ಉಳಿಯುವುದೇನು ಎಂದು ಕೇಳಬಲ್ಲರು.

ಇಂಥ ಕಥೆಗಳ ವಿಷಯದಲ್ಲಿ ಅವರದು ಖಚಿತವಾದ ಅಭಿಪ್ರಾಯ. ಮಾಯೆಗೆ ಬೆಲೆ ಇರಬೇಕೆಂಬುದು ಮೊದಲನೆಯ ಸೂತ್ರ. ಕೇಳಿದ್ದೆಲ್ಲ ಕೈಗೆ ಬರುವ ಕಥೆ, ಸಾಲ ಕೊಟ್ಟು ವಸೂಲಿ ಮರೆತ ಸಾಹುಕಾರನ ಲೆಕ್ಕದಂತೆ, ನಂಬಿಕೆಗೆ ಅರ್ಹವಲ್ಲ. ನಾಯಕನನ್ನು ಅವನ ಸಂಗಾತಿಯ ಮೂಲಕ ಅಳೆಯಬೇಕೆಂಬುದು ಎರಡನೆಯದು. ಒಂಟಿಯಾಗಿ ಹೋಗಿ ಒಂಟಿಯಾಗಿಯೇ ಗೆದ್ದು ಬರುವ ವೀರನಲ್ಲಿ ಮಾಸ್ತರಿಗೆ ಗೌರವವಿದೆ, ಪ್ರೀತಿಯಿಲ್ಲ.

ಈ ಸೂತ್ರಗಳನ್ನು ಅವರಿಗೆ ಕಲಿಸಿದ್ದು ‘ಚಂದಮಾಮ’. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ ಇವರು 1947ರ ಜುಲೈಯಲ್ಲಿ ತೆಲುಗು, ತಮಿಳುಗಳಲ್ಲಿ ಆರಂಭಿಸಿದ ಆ ಮಾಸಪತ್ರಿಕೆ 1949ರ ಜುಲೈಯಲ್ಲಿ ಕನ್ನಡಕ್ಕೂ ಬಂದಿತು. ಮದ್ರಾಸಿನ ವಡಪಳನಿಯಲ್ಲಿ ಅಚ್ಚಾದ ಸಂಚಿಕೆ ಕಲಬುರ್ಗಿಗೆ ಬಂದು, ಬಸ್ಸು ಹತ್ತಿ, ಭೀಮೆಯನ್ನು ದಾಟಿ ಜೇವರ್ಗಿಯನ್ನು ತಲುಪುವ ದಿನಕ್ಕಾಗಿ ಅರವತ್ತರ ದಶಕದ ಬಾಲಕನೊಬ್ಬ ಬಾಯಾರಿದ ಚಾತಕನಂತೆ ಕಾದಿರುತ್ತಿದ್ದನು. ಬೇತಾಳನ ಪ್ರಶ್ನೆಗಳಿಗಿಂತಲೂ ಅವನನ್ನು ಸೆಳೆದದ್ದು ಧಾರಾವಾಹಿಗಳು: ‘ಜ್ವಾಲಾದ್ವೀಪ’, ‘ಪಾತಾಳದುರ್ಗ’, ‘ಶಿಥಿಲಾಲಯ’. 1954ರಿಂದ 1978ರ ವರೆಗೆ ಇಂಥ ಹನ್ನೆರಡು ಕಥೆಗಳನ್ನು ತೆಲುಗಿನಲ್ಲಿ ಬರೆದವರು ದಾಸರಿ ಸುಬ್ರಹ್ಮಣ್ಯಂ. ಕಥೆಯ ಕೆಳಗೆ ಅವರ ಹೆಸರು ಅಚ್ಚಾಗುತ್ತಿರಲಿಲ್ಲ. ‘ಚಿತ್ರಾ’ ಎಂಬ ಅಂಕಿತದ ಕಲಾವಿದರು ಬರೆದ ಚಿತ್ರಗಳು ಮಾತ್ರ ಕಣ್ಣಮುಂದಿರುತ್ತಿದ್ದವು. ತಮ್ಮ ಬಾಲ್ಯವನ್ನೆಲ್ಲ ಆಳಿದ ಆ ಲೇಖಕರ ಹೆಸರು ಮಾಸ್ತರಿಗೆ ತಿಳಿದದ್ದು 2010ರಲ್ಲಿ ಅವರು ತೀರಿಕೊಂಡ ಬಳಿಕವೇ. ಅಂದು ಅವರು ಬಂಧುವೊಬ್ಬರನ್ನು ಕಳೆದುಕೊಂಡವರಂತೆ ಮೌನವಾಗಿದ್ದರಂತೆ.

ಆ ಕಥೆಗಳ ಪಾತ್ರಗಳು ಜೋಡಿಜೋಡಿಯಾಗಿ ಬರುತ್ತವೆ. ಖಡ್ಗವರ್ಮನಿಗೆ ಕತ್ತಿ, ಜೀವದತ್ತನಿಗೆ ಮಂತ್ರದಂಡ. ಜಯಶೀಲನ ಪಕ್ಕದಲ್ಲಿ ಸಿದ್ಧಸಾಧಕ. ಶಬರರ ಹುಡುಗ ಶಿಖಿಮುಖಿಯ ಪಕ್ಕದಲ್ಲಿ ವಿಕ್ರಮಕೇಸರಿ. ಇವರಲ್ಲಿ ಮಾಸ್ತರ ಒಲವು ಶಿಖಿಮುಖಿಯ ಕಡೆಗೆ. ಕಾಡಿನ ಹಳ್ಳಿಯ ಹುಡುಗನು ಪಟ್ಟಣದ ತರುಣನಿಗೆ ಸರಿಸಮನಾಗಿ ಹೆಜ್ಜೆ ಹಾಕುವುದನ್ನು ಮೊದಲ ಬಾರಿ ಓದಿದಾಗ, ಕಪ್ಪುಮಣ್ಣಿನ ಸೀಮೆಯ ಬಾಲಕನಿಗೆ ತನ್ನ ಬೆನ್ನು ತಾನೇ ನೆಟ್ಟಗಾದಂತೆ ಅನಿಸಿತ್ತು. ಜೀವದತ್ತನ ವಿಷಯದಲ್ಲಿ ಮಾತ್ರ ಅವರದು ಒಂದು ತಕರಾರಿದೆ. ದಂಡ ಇರುವವನು ಕಡಿಮೆ ಯೋಚಿಸುತ್ತಾನೆ ಎಂಬುದೇ ಅದು.

ಈ ಓದಿಗೆ ಒಬ್ಬ ಕೇಳುಗರಿದ್ದರು: ಮಾಸ್ತರ ತಂದೆ. ಅವರು ನಿಜಾಮರ ಕಾಲದಲ್ಲಿ ಉರ್ದು ಮಾಧ್ಯಮದಲ್ಲಿ ಕಲಿತವರು. ಮನೆಯ ಮಾತು ಕನ್ನಡ, ಕಾಗದದ ಮಾತು ಉರ್ದು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಸಂಸ್ಥಾನ ಭಾರತದಲ್ಲಿ ಸೇರಿ, 1956ರ ನವೆಂಬರ್ 1ರಂದು ಕಲಬುರ್ಗಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಾಗ ಅವರ ಕೈಬರಹಕ್ಕೆ ಹಠಾತ್ತಾಗಿ ವಯಸ್ಸಾಯಿತು. ಕನ್ನಡ ಅಕ್ಷರಗಳು ಕೊನೆಯವರೆಗೂ ಅವರಿಗೆ ಸರಾಗವಾಗಲಿಲ್ಲ. ಆದುದರಿಂದ ಮಗನು ಗಟ್ಟಿಯಾಗಿ ಓದುವನು. ತಂದೆ ಕಣ್ಣುಮುಚ್ಚಿ ಕೇಳುವರು. ಕಂತು ಮುಗಿದ ಮೇಲೆ ಋಣ ತೀರಿಸುವವರಂತೆ ಅಮೀರ್ ಹಂಜಾನ ಕಥೆಯನ್ನು ಕನ್ನಡದಲ್ಲಿ ಹೇಳುವರು.

ಹಂಜಾನ ಕಥೆ ಸಣ್ಣ ಕಥೆಯೇನಲ್ಲ. ಲಖನೌದ ನವಲ್ ಕಿಶೋರ್ ಮುದ್ರಣಾಲಯ ಅದನ್ನು 46 ಸಂಪುಟಗಳಲ್ಲಿ ಅಚ್ಚುಮಾಡಿತ್ತು. ಅದರ ಅತ್ಯಂತ ಪ್ರಸಿದ್ಧ ಭಾಗ ‘ತಿಲಿಸ್ಮ್-ಎ-ಹೋಶ್‌ರುಬಾ’ 1883ರಿಂದ ಹೊರಬರತೊಡಗಿತು. ಅದರಲ್ಲಿ ತಂದೆಯ ಮೆಚ್ಚಿನವನು ಶೂರ ಹಂಜಾ ಅಲ್ಲ, ಅವನ ಗೆಳೆಯ ಅಮರ್ ಅಯ್ಯಾರ್. ಒಂಟೆ ನಡೆಸುವವನ ಮಗ, ಮಹಾ ಜಿಪುಣ, ನೂರು ವೇಷಗಳ ಚತುರ. ಅವನ ಜಂಬೀಲ್ ಎಂಬ ಚೀಲದಲ್ಲಿ ಇಡೀ ಜಗತ್ತೇ ಹಿಡಿಸುವುದು. “ಕತ್ತಿ ಇದ್ದಾಂವಗ ಸೈನ್ಯಾ ಇರ್ತದ. ಬಡವಗ ಬುದ್ಧೀನೇ ಸೈನ್ಯಾ” ಎಂಬುದು ತಂದೆಯ ತೀರ್ಮಾನವಾಗಿತ್ತು.

ಈಗ ಮಾಸ್ತರ ಎದುರಿಗೆ ಕುಳಿತಿರುವವಳು ಹದಿನಾಲ್ಕು ವರ್ಷದ ಮೊಮ್ಮಗಳು. ಇಂಗ್ಲಿಷ್ ಮಾಧ್ಯಮದ ವಿದ್ಯಾರ್ಥಿನಿ. ಕನ್ನಡವನ್ನು ನೀರಿನಂತೆ ಆಡುವಳು. ಓದಲು ಕೊಟ್ಟರೆ ಒತ್ತಕ್ಷರಗಳ ಬಳಿ ಎಡವುವಳು. 1997ರಿಂದ 2007ರ ವರೆಗೆ ಏಳು ಸಂಪುಟಗಳಾಗಿ ಬಂದ ಹ್ಯಾರಿ ಪಾಟರನ ಕಥೆಯನ್ನು ಅವಳು ರಜೆಯೊಂದರಲ್ಲಿ ಅಜ್ಜನಿಗೆ ಪೂರ್ತಿ ಹೇಳಿದಳು. ಸಾವನ್ನು ತಪ್ಪಿಸಿಕೊಳ್ಳಲು ಆತ್ಮವನ್ನು ತುಂಡುಮಾಡಿ ಬೇರೆ ಬೇರೆ ವಸ್ತುಗಳಲ್ಲಿ ಬಚ್ಚಿಟ್ಟ ವೋಲ್ಡಮಾರ್ಟನ ಸಂಗತಿ ಬಂದಾಗ ಮಾಸ್ತರು ನಕ್ಕರು. ಏಳು ಸಮುದ್ರಗಳಾಚೆಯ ಗಿಣಿಯಲ್ಲಿ ಪ್ರಾಣವಿಟ್ಟ ರಾಕ್ಷಸನನ್ನು ಅವರು ಅಜ್ಜಿಯ ತೊಡೆಯ ಮೇಲೆಯೇ ಕಂಡಿದ್ದರು. ಆದರೂ ಆತ್ಮ ತುಂಡಾಗುವ ಕಲ್ಪನೆಗೆ ತಲೆದೂಗಿದರು. ಬೆಲೆಯ ಸೂತ್ರ ಅಲ್ಲಿ ಪಾಲನೆಯಾಗಿತ್ತು. ಹ್ಯಾರಿಗಿಂತ ಅವರ ಮನಸ್ಸಿಗೆ ಹಿಡಿಸಿದವನು ನೆವಿಲ್. ವೈರಿಗಳನ್ನು ಎದುರಿಸುವ ಮೊದಲು ಗೆಳೆಯರನ್ನೇ ತಡೆದು ನಿಂತ, ಅಂಜುಬುರುಕನೆನಿಸಿಕೊಂಡ ಹುಡುಗ. ಮೊಮ್ಮಗಳಿಗೆ ಹರ್ಮಾಯಿನಿಯೇ ಸರ್ವಸ್ವ.

ಅಜ್ಜನೂ ತಮ್ಮ ಹೆಟ್ಟಿಗೆಯನ್ನು ತೆರೆದು, ಬೈಂಡು ಹಾಕಿಸಿದ್ದ ಧಾರಾವಾಹಿಗಳನ್ನು ಓದಿ ಹೇಳಿದರು. ಮೂರನೆಯ ಕಥೆಯ ನಡುವೆ ಅವಳು ತಡೆದಳು. “ಮುತ್ಯಾ, ಇದರಾಗ ಹುಡುಗೀರು ಏನ್ ಮಾಡ್ತಾರ?”

ಮಾಸ್ತರು ಪುಟಗಳನ್ನು ತಿರುವಿದರು. ‘ಮಾಯಾಸರೋವರ’ದಲ್ಲಿ ರಾಜಕುಮಾರಿ ಕಾಂಚನಮಾಲೆ ಅಪಹೃತಳಾಗುತ್ತಾಳೆ, ವೀರರು ಹುಡುಕಲು ಹೊರಡುತ್ತಾರೆ. ಬೇರೆ ಕಥೆಗಳಲ್ಲಿಯೂ ರಾಜಕುಮಾರಿಯರ ಪಾಡು ಬಹಳಮಟ್ಟಿಗೆ ಅಂಥದೇ. ಅರವತ್ತು ವರ್ಷಗಳಲ್ಲಿ ತಾವು ಒಮ್ಮೆಯೂ ಕೇಳದಿದ್ದ ಪ್ರಶ್ನೆ ಅದು. ಮೆಚ್ಚಿದ ಪುಸ್ತಕವನ್ನು ಸಮರ್ಥಿಸಲು ವಕೀಲಿ ಮಾಡುವ ಸ್ವಭಾವ ಅವರದಲ್ಲ. “ಕದ್ದು ಒಯ್ಯಿಸಿಕೋತಾರ, ಯವ್ವಾ” ಎಂದು ಒಪ್ಪಿಕೊಂಡರು.

ಉತ್ತರ ಬಂದದ್ದು ಒಳಗಿನಿಂದ. ಜೋಳದ ಹಿಟ್ಟು ನಾದುತ್ತಿದ್ದ ಆಯಿ, ಯಾವ ಲಿಪಿಯನ್ನೂ ಅರಿಯದವರು, ಹೂವಿನ ಗಿಡವಾಗುವ ಹುಡುಗಿಯ ಕಥೆಯನ್ನು ಎತ್ತಿದರು. ಬಡತಾಯಿಯ ಹೊರೆಯನ್ನು ಇಳಿಸಲೆಂದು ಮಗಳು ಒಂದು ಕೊಡ ನೀರು ಸುರಿಸಿಕೊಂಡು ಗಿಡವಾಗುತ್ತಾಳೆ. ಇನ್ನೊಂದು ಕೊಡದಿಂದ ಮತ್ತೆ ಮನುಷ್ಯಳಾಗುತ್ತಾಳೆ. ಹೂ ಕೀಳುವವರು ಒಂದು ಎಲೆಗೂ ನೋವು ಮಾಡಕೂಡದು. ಮದುವೆಯಾದ ಮನೆಯಲ್ಲಿ ನಾದಿನಿ ತನ್ನ ಗೆಳತಿಯರೊಡನೆ ಬಲವಂತಮಾಡಿ, ರೆಂಬೆಗಳನ್ನು ಮುರಿದು, ನೀರನ್ನು ಅರೆಬರೆ ಸುರಿದು ಓಡಿಹೋಗುತ್ತಾಳೆ. ಕೈಕಾಲುಗಳಿಲ್ಲದ ಅರ್ಧ ದೇಹ ಚರಂಡಿಯಲ್ಲಿ ಉಳಿಯುತ್ತದೆ. ಬಹುಕಾಲದ ಮೇಲೆ ಗಂಡನು ಅವಳನ್ನು ಗುರುತಿಸಿ, ಮತ್ತೆ ಗಿಡವಾಗಿಸಿ, ಮುರಿದ ರೆಂಬೆಗಳನ್ನು ಜೋಡಿಸಿ ನೀರೆರೆದಾಗಲೇ ಅವಳು ಪೂರ್ಣಳಾಗುವುದು. ಇದೇ ಕಥೆಯ ಹಲವು ಪಾಠಗಳನ್ನು ಎ. ಕೆ. ರಾಮಾನುಜನ್ ಕರ್ನಾಟಕದಲ್ಲಿ ಸಂಗ್ರಹಿಸಿದರು; ಅದರ ಹೆಸರನ್ನೇ ಹೊತ್ತ ಅವರ 77 ಕನ್ನಡ ಜನಪದ ಕಥೆಗಳ ಇಂಗ್ಲಿಷ್ ಸಂಕಲನ 1997ರಲ್ಲಿ ಪ್ರಕಟವಾಯಿತು. ಅದನ್ನು ಆಧರಿಸಿ ಗಿರೀಶ ಕಾರ್ನಾಡರು 1992ರಲ್ಲಿ ‘ಚೆಲುವಿ’ ಎಂಬ ಚಿತ್ರವನ್ನು ಮಾಡಿದ್ದರು.

ಕಥೆ ಮುಗಿದಾಗ ಮೊಮ್ಮಗಳು ಬಹಳ ಹೊತ್ತು ಮಾತಾಡಲಿಲ್ಲ. ಮಾಸ್ತರಿಗೆ ತಮ್ಮ ಎರಡು ಸೂತ್ರಗಳೂ ಆ ಕಥೆಯಲ್ಲಿ ಪುಸ್ತಕಗಳಿಗಿಂತ ಕಠಿಣವಾಗಿ ನಿಂತಿರುವುದು ಕಾಣಿಸಿತು. ಶಕ್ತಿ ಹುಡುಗಿಯದು, ಬೆಲೆ ತೆತ್ತವಳೂ ಅವಳೇ. ಸಂಗಾತಿ ಯಾರೆಂಬುದು ಎರಡನೆಯ ಕೊಡವನ್ನು ಯಾರು ಎಚ್ಚರದಿಂದ ಸುರಿಯುತ್ತಾರೆ ಎಂಬುದರಿಂದ ತಿಳಿಯುತ್ತದೆ. ಐವತ್ತು ವರ್ಷ ಒಂದೇ ಸೂರಿನಡಿ ಬಾಳಿದ ಹೆಂಡತಿಯಿಂದ ಆ ಕಥೆಯನ್ನು ಅವರು ಕೇಳಿದ್ದು ಅಂದೇ ಮೊದಲು. “ಯಾಕ ಹೇಳಲಿಲ್ಲ?” ಎಂದರೆ, “ನೀವು ಯಾವಾಗ ಕೇಳಿದ್ರಿ?” ಎಂದರು ಆಯಿ.

ಅಂದಿನಿಂದ ಮಾಸ್ತರಿಗೆ ಹೊಸ ಚಿಂತೆ ಹತ್ತಿದೆ. ತಂದೆ ಬಿಟ್ಟುಹೋದ ಉರ್ದು ಸಂಪುಟವೊಂದು ಮನೆಯಲ್ಲಿದೆ. ಅದನ್ನು ಓದಬಲ್ಲವರು ಮನೆಯಲ್ಲಿ ಯಾರೂ ಇಲ್ಲ. ಚಂದಮಾಮ ನಿಂತು ಹತ್ತು ವರ್ಷಗಳ ಮೇಲಾಗಿದೆ. ಬೈಂಡು ಹಾಕಿಸಿದ ಸಂಚಿಕೆಗಳು ಮೊಮ್ಮಗಳ ಕೈಯಲ್ಲಿ ಚಿತ್ರಪುಸ್ತಕಗಳಾಗುವ ದಿನ ದೂರವಿಲ್ಲ. ಮೂರು ತಲೆಮಾರು, ಮೂರು ಲಿಪಿ. ಒಂದರ ಬಾಗಿಲು ಇನ್ನೊಂದಕ್ಕೆ ಬೀಗ. ಅಕ್ಷರವಿಲ್ಲದ ಆಯಿಯ ಕಥೆಯೊಂದೇ ಯಾರ ಅಪ್ಪಣೆಯನ್ನೂ ಕೇಳದೆ ಎಲ್ಲರ ಬಳಿಗೂ ನಡೆದುಬಂದಿತು. ಆದರೆ ಅದು ಆಯಿಯ ಉಸಿರಿರುವಷ್ಟು ಕಾಲ.

ಆದುದರಿಂದ ಅಜ್ಜ ಮೊಮ್ಮಗಳ ನಡುವೆ ಒಂದು ಕರಾರಾಗಿದೆ. ಅವಳು ಆಯಿಯ ಕಥೆಗಳನ್ನು ಕನ್ನಡದಲ್ಲಿ ಬರೆದಿಡಬೇಕು. ಒತ್ತಕ್ಷರದ ತಪ್ಪಿಗೆ ಮಾಸ್ತರು ಕೆಂಪುಶಾಯಿ ತೆಗೆಯಕೂಡದು. ಅವರು ನೆರೆಮನೆಯ ಹಿರಿಯರಲ್ಲಿ ಅಲಿಫ್, ಬೇ ಕಲಿಯಬೇಕು. ಇದಕ್ಕೊಂದು ಕಾರಣವೂ ಉಂಟು. ಅಮರ್ ಅಯ್ಯಾರನಿಗೆ ಸರಿಜೋಡಿಯಾಗಿ ವೇಷ ಬದಲಿಸಿ ಅವನನ್ನೇ ಕಾಡುವ ಸರ್‌ಸರ್ ಎಂಬ ಚತುರೆ ಹೋಶ್‌ರುಬಾದಲ್ಲಿದ್ದಾಳೆ. ರಾಣಿಯರೇ ಮಾಂತ್ರಿಕರಾಗಿ ಸೈನ್ಯ ನಡೆಸುತ್ತಾರೆ. ತಂದೆ ಹೇಳುವಾಗ ಬಾಲಕನ ಕಿವಿಗೆ ಅವರು ಬಿದ್ದಿರಲಿಲ್ಲ. ಈಗ ಅವರನ್ನು ಹುಡುಕಿ ತಂದು ಮೊಮ್ಮಗಳ ಮುಂದೆ ನಿಲ್ಲಿಸುವ ಹಂಬಲ. ಅಕ್ಷರಗಳು ಬಲದಿಂದ ಎಡಕ್ಕೆ ಓಡುತ್ತವೆ. ಮುದಿಗಣ್ಣುಗಳು ಹಿಂದೆ ಬೀಳುತ್ತವೆ. ಮಾಸ್ತರು ಬೇಸರಿಸುವುದಿಲ್ಲ. ಮಾಯಾಲೋಕಕ್ಕೆ ಪ್ರವೇಶ ಬೇಕಾದರೆ ಬೆಲೆ ತೆರಬೇಕೆಂಬುದು ಅವರದೇ ಮೊದಲ ಸೂತ್ರ ತಾನೆ?